ತನ್ನ ಬೆನ್ನು ತನಗೆ ಕಾಣದು

“ಊರು ಏನಾದರೂ ಅನ್ನಲಿ, ನನ್ನ ಮನಸ್ಸಾಕ್ಷಿಗೆ ನಾನು ಉತ್ತರ ಕೊಟ್ಟರೆ ಸಾಕು.” ಈ ಮಾತನ್ನು ನಾವೆಲ್ಲ ಒಂದಲ್ಲ ಒಂದು ಸಲ ಆಡಿರುತ್ತೇವೆ. ಆಡಿದಾಗ ಎದೆ ಹಗುರಾಗುತ್ತದೆ. ನಾಲ್ಕು ಜನರ ಬಾಯಿಗೆ ಹೆದರಿ ಬದುಕುವ ಹೆಣ್ಣುಮಕ್ಕಳಿಗಂತೂ ಅದು ಒಂದು ಊರುಗೋಲೇ ಸರಿ. ಆದರೆ ಮನಸ್ಸಾಕ್ಷಿ ‘ಸರಿ’ ಎಂದ ಮಾತ್ರಕ್ಕೆ ನಾವು ಮಾಡಿದ್ದೆಲ್ಲ ಸರಿಯಾಗಿಬಿಡುತ್ತದೆಯೆ? ಈ ಪ್ರಶ್ನೆ ನನ್ನನ್ನು ಬಹಳ ವರ್ಷಗಳಿಂದ ಕಾಡಿದೆ.

ಅದನ್ನು ಸ್ವಲ್ಪ ಬಿಡಿಸಿ ನೋಡುವಂತೆ ಮಾಡಿದವಳು ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ನನ್ನ ಅಕ್ಕನ ಮಗಳು. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಅತಿವೇಗದ ನೆಟ್‌ವರ್ಕ್ ಕಾರ್ಡುಗಳನ್ನು ಪರೀಕ್ಷೆ ಮಾಡುವುದು ಅವಳ ಕೆಲಸ. ‘ಪರೀಕ್ಷೆ’ ಎಂದೊಡನೆ ಟೀಚರಮ್ಮನಾದ ನನ್ನ ಕಿವಿ ನೆಟ್ಟಗಾಯಿತು. ಯಂತ್ರಕ್ಕೆ ಪರೀಕ್ಷೆ ಹೇಗೆ ಮಾಡುತ್ತೀಯೇ ಎಂದು ಕೇಳಿದೆ.

ಅವಳು ಹೇಳಿದ್ದು ಇಷ್ಟು. ಕಾರ್ಡಿಗೆ ಸಂದೇಶ ಕಳಿಸುವ ಬಾಯಿ ಒಂದು, ಕೇಳಿಸಿಕೊಳ್ಳುವ ಕಿವಿ ಒಂದು. ಪರೀಕ್ಷೆಯ ಹೊತ್ತಿನಲ್ಲಿ ಅದರ ಬಾಯನ್ನು ಅದರ ಕಿವಿಗೇ ಜೋಡಿಸುತ್ತಾರೆ. ಕಳಿಸಿದ ಮಾತು ಹೊರಗೆಲ್ಲೂ ಹೋಗದೆ ತಿರುಗಿ ಬರುತ್ತದೆ. ಕಳಿಸಿದ್ದೂ ಬಂದದ್ದೂ ಒಂದೇ ಆಗಿದೆಯೆ ಎಂದು ತಾಳೆ ನೋಡುತ್ತಾರೆ. ಇದಕ್ಕೆ ಲೂಪ್‌ಬ್ಯಾಕ್ ಪರೀಕ್ಷೆ ಎಂದು ಹೆಸರು. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ‘ಈಥ್‌ಟೂಲ್’ ಎಂಬ ಸಲಕರಣೆ ಇದೆಯಂತೆ. ಅದರಲ್ಲಿ ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲಿನ ಅಪ್ಪಣೆ ಟೈಪ್ ಮಾಡಬೇಕು. ಕಾರ್ಡ್ ತನ್ನ ಎಂದಿನ ಓಡಾಟವನ್ನು ನಿಲ್ಲಿಸಿ, ತನ್ನನ್ನು ತಾನು ಪರೀಕ್ಷಿಸಿಕೊಂಡು, ಕೊನೆಗೆ ‘ಪಾಸ್’ ಅಥವಾ ‘ಫೇಲ್’ ಎನ್ನುತ್ತದೆ. ನಮ್ಮ ಧ್ಯಾನ, ಮೌನಗಳ ಹಾಗೆಯೇ ಅಲ್ಲವೆ? ತನ್ನ ಮಾತು ತನಗೆ ಕೇಳಬೇಕಾದರೆ ಹೊರಗಿನ ಮಾತು ನಿಲ್ಲಬೇಕು.

ಅವಸರದ ಪರೀಕ್ಷೆ ಇಲ್ಲಿ ನಡೆಯದು. 100 ಗಿಗಾಬಿಟ್ ಕಾರ್ಡಿನಲ್ಲಿ ಒಂದು ಸೆಕೆಂಡಿಗೆ 10,000 ಕೋಟಿ ಬಿಟ್‌ಗಳು ಹರಿಯುತ್ತವೆ. ಒಂದು ಲಕ್ಷ ಕೋಟಿ ಬಿಟ್‌ಗಳಲ್ಲಿ ಒಂದು ತಪ್ಪಿಗಿಂತ ಹೆಚ್ಚಾಗಬಾರದು ಎಂಬುದು ಇಂಥ ಸಂಪರ್ಕಗಳಿಗೆ ಹಾಕಿರುವ ಮಿತಿಗಳಲ್ಲೊಂದು. ಲೆಕ್ಕ ಹಾಕಿದರೆ, ಸರಾಸರಿ 10 ಸೆಕೆಂಡಿಗೆ ಒಂದು ತಪ್ಪು. ಒಂದು ಸೆಕೆಂಡು ನೋಡಿ ‘ತಪ್ಪೇ ಇಲ್ಲ’ ಎನ್ನುವುದಕ್ಕೆ ಅರ್ಥವಿಲ್ಲ. ಸುಮಾರು 30 ಸೆಕೆಂಡು ಒಂದೂ ತಪ್ಪಿಲ್ಲದೆ ನಡೆದರೆ ನೂರಕ್ಕೆ 95ರಷ್ಟು ಭರವಸೆಯಿಂದ ಮಾತಾಡಬಹುದು.

“ಪಾಸಾದರೆ ಮುಗಿಯಿತಲ್ಲ?” ಎಂದೆ. “ಎಲ್ಲಿ ಮುಗೀತು ಚಿಕ್ಕಮ್ಮ? ಕಾರ್ಡಿನ ಮಟ್ಟಿಗೆ ಗೊತ್ತಾಯ್ತು ಅಷ್ಟೆ. ಆಚೆಯ ಕೇಬಲ್ಲು, ಆ ತುದಿಯ ಯಂತ್ರ ಅದಕ್ಕೆ ಕಂಡೇ ಇಲ್ಲ” ಎಂದಳು. ಆಮೇಲೆ ಅವಳು ಹೇಳಿದ ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ನಾಟಿತು. ಕಾರ್ಡ್ ಒಂದು ಹರಳಿನ ಗಡಿಯಾರದ ತಾಳಕ್ಕೆ ಕೆಲಸ ಮಾಡುತ್ತದೆ. ಆ ತಾಳವೇ ತಪ್ಪಿದ್ದರೆ? ಬಾಯಿಯೂ ಕಿವಿಯೂ ಅದೇ ತಾಳದಲ್ಲಿ ಇರುವುದರಿಂದ ಲೂಪ್‌ಬ್ಯಾಕ್ ಪರೀಕ್ಷೆಯಲ್ಲಿ ಆ ದೋಷ ಕಾಣದೆ ಹೋಗಬಹುದು. ಬೇರೆ ಗಡಿಯಾರದ ಇನ್ನೊಂದು ಯಂತ್ರಕ್ಕೆ ಜೋಡಿಸಿದಾಗಲೇ ಅದು ಬಯಲಾಗುವುದು. ಮನೆಯ ಗಡಿಯಾರ ಹತ್ತು ನಿಮಿಷ ಹಿಂದಿದ್ದರೆ ಮನೆಯಲ್ಲಿ ಯಾರಿಗೂ ತಡವಾಗುವುದಿಲ್ಲ. ಬಸ್ಸು ಹೋಗಿರುವುದು ಬಸ್‌ಸ್ಟ್ಯಾಂಡಿಗೆ ಹೋದಾಗಲೇ ತಿಳಿಯುತ್ತದೆ.

ಆಗ ನನಗೆ ನಮ್ಮ ತಂದೆ ನೆನಪಾದರು. ಅಪ್ಪ ಕಪಟ ಅರಿಯದ ಮನುಷ್ಯ. ರಾತ್ರಿ ದೀಪ ಆರಿಸುವ ಮುನ್ನ ಅಂದು ಯಾರಿಗಾದರೂ ಅನ್ಯಾಯ ಮಾಡಿದೆನೇ ಎಂದು ಯೋಚಿಸಿಯೇ ಮಲಗುತ್ತಿದ್ದರು. 1981ರಲ್ಲಿ ಅಕ್ಕ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಳು. ಅಪ್ಪ ಮುಂದೆ ಓದಿಸಲಿಲ್ಲ. ಮಗಳಿಗೆ ಒಳ್ಳೆಯ ಮನೆ ನೋಡುವುದೇ ತಂದೆಯ ಧರ್ಮವೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಆ ರಾತ್ರಿಯೂ ಅವರು ಮನಸ್ಸಾಕ್ಷಿಯನ್ನು ಕೇಳಿಯೇ ಮಲಗಿರಬೇಕು. ಅದು ‘ಪಾಸ್’ ಎಂದಿರಬೇಕು. ಕೇಳಿದ ಮನಸ್ಸಿಗೂ ಉತ್ತರ ಕೊಟ್ಟ ಮನಸ್ಸಿಗೂ ಒಂದೇ ಗಡಿಯಾರ ತಾನೆ!

ಹಾಗಾದರೆ ಊರಿನ ಮಾತೇ ಪ್ರಮಾಣವೆ? ಅದೂ ಅಲ್ಲ. ಅಂದು ಊರೆಲ್ಲ ಅಪ್ಪನನ್ನೇ ಹೊಗಳಿತ್ತು. ಹತ್ತು ಮನೆಯ ಗಡಿಯಾರಗಳೂ ಹತ್ತು ನಿಮಿಷ ಹಿಂದಿದ್ದರೆ ಹತ್ತು ಸಾಕ್ಷಿಗಳಿಂದ ಏನು ಬಂತು? ಕೇಳಬೇಕಾದದ್ದು ನಮ್ಮ ತೀರ್ಮಾನ ಹೋಗಿ ಯಾರಿಗೆ ಮುಟ್ಟುತ್ತದೆಯೋ ಅವರನ್ನು. ಅಕ್ಕನನ್ನು ಯಾರೂ ಕೇಳಿರಲಿಲ್ಲ.

1985ರಲ್ಲಿ ನನ್ನ ಸರದಿ ಬಂತು. ಅಷ್ಟರಲ್ಲಿ ಅಕ್ಕನಿಗೆ ಮದುವೆಯಾಗಿತ್ತು. ತವರಿಗೆ ಬಂದಿದ್ದವಳು ಅಪ್ಪನ ಮುಂದೆ ನಿಂತು, “ಅಪ್ಪಾ, ನನ್ನನ್ನು ನೀವು ಕೇಳಲಿಲ್ಲ. ಇವಳನ್ನಾದರೂ ಒಂದು ಮಾತು ಕೇಳಿ” ಎಂದಳು. ದನಿ ಎತ್ತಲಿಲ್ಲ, ಅಳಲೂ ಇಲ್ಲ. ಅಪ್ಪ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮೂರನೆಯ ದಿನ ನನ್ನನ್ನು ಕರೆದು, “ಏನು ಓದಬೇಕೂಂತಿದೀಯಮ್ಮ?” ಎಂದರು. ನನ್ನ ಹೆಸರಿನ ಮುಂದೆ ಬಿ.ಎ., ಬಿ.ಎಡ್. ಬಂದದ್ದು ಹೀಗೆ. ಅಕ್ಕನ ಓದು ಮಾತ್ರ ಅಲ್ಲಿಗೇ ನಿಂತಿತು. ಅಪ್ಪನ ಒಳ್ಳೆಯತನದಿಂದ ಅವಳ ಆ ವರ್ಷಗಳು ತಿರುಗಿ ಬರಲಿಲ್ಲ.

ಇಷ್ಟು ಹೇಳಿ ಮನಸ್ಸಾಕ್ಷಿಯನ್ನು ಕಡೆಗಣಿಸಿ ಎನ್ನುತ್ತಿಲ್ಲ. ಸಂಪರ್ಕ ಕೆಟ್ಟಾಗ ಮೊದಲು ತನ್ನ ಕಾರ್ಡನ್ನು ಲೂಪ್‌ಬ್ಯಾಕಿಗೆ ಹಾಕಿ ನೋಡಿದರೆ, ತನ್ನ ದೋಷಕ್ಕೆ ಆಚೆಯವರನ್ನು ದೂರುವುದು ತಪ್ಪುತ್ತದೆ. ಅಪ್ಪನಿಗೆ ಒಳಗಿನ ಪರೀಕ್ಷೆಯ ಅಭ್ಯಾಸವೇ ಇಲ್ಲದಿದ್ದರೆ ಅಕ್ಕನ ಮಾತು ಅವರ ಕಿವಿಗೆ ಬಿದ್ದೂ ಬೀಳದಂತೆ ಹೋಗುತ್ತಿತ್ತು. ಆದರೆ ಒಳಗಿನ ಪರೀಕ್ಷೆ ಪರೀಕ್ಷೆಯ ಮೊದಲ ಪತ್ರಿಕೆ ಮಾತ್ರ. ಎರಡನೆಯ ಪತ್ರಿಕೆಯನ್ನು ತಿದ್ದುವವರು ಬೇರೆಯವರು.

ಸೊಸೆಗೆ, ಮಗನಿಗೆ, ಮನೆಗೆಲಸದವಳಿಗೆ ನಾವು ಒಳ್ಳೆಯದನ್ನೇ ಮಾಡುತ್ತಿದ್ದೇವೆಂದು ನಂಬಿರುತ್ತೇವೆ. ನಂಬಿಕೆ ನಿಜವೂ ಇರಬಹುದು. ರಾತ್ರಿ ಮಲಗುವಾಗ ನಮ್ಮ ಮನಸ್ಸನ್ನು ಕೇಳಿಕೊಳ್ಳೋಣ. ಬೆಳಗ್ಗೆ ಎದ್ದು, ಕಾಫಿ ಲೋಟ ಕೈಗಿಡುತ್ತ, ಅವರನ್ನೂ ಒಂದು ಮಾತು ಕೇಳೋಣ. ಉತ್ತರ ಬರುವವರೆಗೆ ಕಾಯೋಣ.