ಕಾಣಿಕೆಗೆ ಬಾಕಿಯುಂಟೆ?

ನಮ್ಮ ಅವ್ವ ಅಕ್ಕಿ ತೊಳೆಯುವ ಮುಂಚೆ ಮೊರದಿಂದ ಒಂದು ಹಿಡಿ ತೆಗೆದು, ಒಲೆಯ ಪಕ್ಕದ ಗೂಡಿನಲ್ಲಿದ್ದ ಮಣ್ಣಿನ ಕುಡಿಕೆಗೆ ಹಾಕುತ್ತಿದ್ದಳು. ಬಾಣಾವರದ ಕಡೆ ಆಗ ದಿನವೂ ಅನ್ನ ಮಾಡುವ ಮನೆಗಳು ಕಡಿಮೆ. ಮುದ್ದೆಗೆ ಎಸರಿಟ್ಟ ದಿನ ರಾಗಿ ಹಿಟ್ಟಿನದೇ ಒಂದು ಹಿಡಿ ಬೇರೊಂದು ಡಬ್ಬಿಗೆ ಹೋಗುತ್ತಿತ್ತು. ಭಾನುವಾರ ಎರಡನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಪೂಜೆಗೆ ಹೊರಡುತ್ತಿದ್ದಳು. ಗಂಟು ಕೆಲವು ವಾರ ದಪ್ಪಗಿರುತ್ತಿತ್ತು, ಕೆಲವು ವಾರ ಸಣ್ಣಗಿರುತ್ತಿತ್ತು. ಅದನ್ನು ತೂಗಿದವರಿಲ್ಲ, ಬರೆದಿಟ್ಟವರಿಲ್ಲ.

"ಯಾಕವ್ವಾ, ನಮಗೇ ಸಾಲದಲ್ಲ, ಉಳಿದರೆ ಕೊಟ್ಟರಾಯಿತು" ಎಂದು ನಾನೊಮ್ಮೆ ಹೇಳಿದೆ. ಅವ್ವ ಕೈ ನಿಲ್ಲಿಸದೆ, "ತೊಳೆದ ಮೇಲೆ ತೆಗೆಯಕ್ಕಾಗಲ್ಲ ಕಣೆ" ಎಂದಳು. ಒದ್ದೆ ಅಕ್ಕಿ ಕೆಡುತ್ತದೆ ಎಂಬುದಷ್ಟೇ ಆಗ ನನಗೆ ಅರ್ಥವಾಗಿದ್ದು. ಮೊದಲೇ ಎತ್ತಿಡದಿದ್ದರೆ ಯಾವುದೂ ಉಳಿಯುವುದಿಲ್ಲ ಎಂಬ ಇನ್ನೊಂದು ಅರ್ಥ ತಿಳಿಯಲು ನಾನೇ ಸಂಬಳ ಎಣಿಸುವವಳಾಗಬೇಕಾಯಿತು.

ಇದು ಕ್ರೈಸ್ತರ ಮನೆಯ ಸಂಗತಿ ಮಾತ್ರವೇನಲ್ಲ. ನಮ್ಮ ಎದುರು ಮನೆಯಲ್ಲಿ ತಿರುಪತಿಗೆ ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿಡುತ್ತಿದ್ದರು. ಹಿಂದಿನ ಬೀದಿಯ ಸಾಬರ ಮನೆಯಲ್ಲಿ ವರ್ಷದ ಉಳಿತಾಯಕ್ಕೆ ನೂರಕ್ಕೆ ಎರಡೂವರೆಯಂತೆ ಜಕಾತ್ ಲೆಕ್ಕ ಹಾಕುತ್ತಿದ್ದರು. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕತೆಯನ್ನು ನಾನೇ ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದವಳು ಅವಳು. ದಾಸೋಹ ನಿತ್ಯ ನಡೆಯಬೇಕು, ಆದರೆ ಅದರ ಹೆಸರಿನಲ್ಲಿ ಆಸೆ ಒಳಗೆ ಬರಬಾರದು ಎಂಬ ಎಚ್ಚರ ಅವಳದು. ಕೊಡುವುದಕ್ಕೂ ಒಂದು ಅಳತೆ ಬೇಕೆಂದು ಬಡ ಹೆಂಗಸೊಬ್ಬಳಿಗೆ ಗೊತ್ತಿತ್ತು.

ನಮ್ಮ ಕನ್ನಡ ಬೈಬಲಿನಲ್ಲಿ ಇದಕ್ಕೆ ಒಂದು ಚೆಂದದ ಮಾತಿದೆ, ಮನೆವಾರ್ತೆ. ಯಜಮಾನನ ಆಸ್ತಿಯನ್ನು ಅವನ ಪರವಾಗಿ ನೋಡಿಕೊಳ್ಳುವವನು ಮನೆವಾರ್ತೆಯವನು. ನನ್ನ ಕೈಯಲ್ಲಿರುವುದು ನನ್ನದಲ್ಲ, ಅದಕ್ಕೆ ನಾನು ಲೆಕ್ಕ ಒಪ್ಪಿಸಬೇಕು ಎಂಬ ಭಾವನೆ ಅದರಲ್ಲಿದೆ. ಸಾಸಿವೆ ಡಬ್ಬಿಯಲ್ಲಿ ನೋಟು ಮಡಿಸಿಟ್ಟು ಸಂಸಾರ ತೂಗಿಸುವ ನಮ್ಮಂಥ ಹೆಂಗಸರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ನಮ್ಮ ಸಭೆಗಳಲ್ಲಿ ತಿಂಗಳು ತಿಂಗಳು ಕೊಡುವ ಅಭ್ಯಾಸ ತಡವಾಗಿಯೇ ಬಂದದ್ದು. ಅದಕ್ಕೆ ಕಾರಣವಿದೆ. ನಮ್ಮ ಹಾಸನದ ಸೀಮೆಗೆ ಬಂದವರು ಫ್ರೆಂಚ್ ಮಿಷನರಿ ಗುರುಗಳು. ಹೇಮಾವತಿ ದಡದ ಶೆಟ್ಟಿಹಳ್ಳಿಯಲ್ಲಿ ಅವರು 1860ರ ದಶಕದಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯವನ್ನು ನೀವೂ ನೋಡಿರಬಹುದು. ಗೊರೂರಿನ ಅಣೆಕಟ್ಟಿನ ನೀರು ಬಂದು ಊರಿನ ಜನ ಬೇರೆಡೆಗೆ ಹೋದರು. ಈಗ ಮಳೆಗಾಲದಲ್ಲಿ ಆ ಗೋಡೆಗಳು ಅರ್ಧ ಮುಳುಗುತ್ತವೆ, ಬೇಸಿಗೆಯಲ್ಲಿ ಮತ್ತೆ ನೆಲದ ಮೇಲೆ ನಿಲ್ಲುತ್ತವೆ. ಆ ಕಾಲದ ಮಿಷನ್ ಕೆಲಸಗಳಿಗೆ ಹಣ ಬಹುಪಾಲು ಹೊರಗಿನಿಂದ ಬರುತ್ತಿತ್ತು. ನಮ್ಮ ಹಿರಿಯರು ಪಡೆಯುವ ಕೈಗಳಾಗಿದ್ದರು. ಕಲ್ಲು ಹೊತ್ತರು, ಗಾರೆ ಕಲಸಿದರು, ಆದರೆ ದೇವಾಲಯ ನಡೆಸುವ ಖರ್ಚು ತಮ್ಮದೆಂದು ಅವರಿಗೆ ಅನ್ನಿಸಲಿಲ್ಲ.

ಆ ಹೊರಗಿನ ಹಣ ಎಲ್ಲಿಂದ ಬರುತ್ತಿತ್ತು ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಪೋಲಿನ್ ಜಾರಿಕೋ ಎಂಬ ಹೆಣ್ಣುಮಗಳಿದ್ದಳು. ಹುಟ್ಟಿದ್ದು 1799ರಲ್ಲಿ. ರೇಷ್ಮೆ ಕೆಲಸದ ಹೆಂಗಸರನ್ನು ಹತ್ತು ಹತ್ತು ಜನರ ಗುಂಪು ಮಾಡಿ, ವಾರಕ್ಕೆ ಒಬ್ಬೊಬ್ಬರಿಂದ ಒಂದು ಸೂ, ಅಂದರೆ ಒಂದು ಬಿಡಿಕಾಸು, ಕೂಡಿಸುವ ದಾರಿ ಹುಡುಕಿದಳು. ಅದರಿಂದಲೇ 1822ರಲ್ಲಿ ವಿಶ್ವಾಸ ಪ್ರಸಾರ ಸಂಘ ಹುಟ್ಟಿ, ಏಷ್ಯಾದ ಮಿಷನ್‌ಗಳಿಗೆಲ್ಲ ನೆರವಾಯಿತು. ದೊಡ್ಡ ಶ್ರೀಮಂತರ ಹಣವೆಂದು ನಾವು ತಿಳಿದಿದ್ದರಲ್ಲಿ ಕೂಲಿ ಹೆಂಗಸರ ವಾರದ ಕಾಸೂ ಸೇರಿತ್ತು. ಅವಳಾದರೋ ಕೊನೆಗಾಲದಲ್ಲಿ ಸಾಲಕ್ಕೆ ಸಿಕ್ಕಿ, ಬಡತನದಲ್ಲೇ 1862ರಲ್ಲಿ ತೀರಿಕೊಂಡಳು. ಧರ್ಮಸಭೆ ಅವಳನ್ನು ಧನ್ಯಳೆಂದು ಸಾರಿದ್ದು 2022ರಲ್ಲಿ.

ಕಾಲ ಬದಲಾಯಿತು. 1963ರಲ್ಲಿ ಹಾಸನ, ಚಿಕ್ಕಮಗಳೂರು ಜಿಲ್ಲೆಗಳನ್ನೂ ಒಳಗೊಂಡು ಚಿಕ್ಕಮಗಳೂರು ಧರ್ಮಪ್ರಾಂತ್ಯವಾಯಿತು. 1983ರ ಧರ್ಮಸಭೆಯ ಕಾನೂನು ಸಂಹಿತೆ, ಆರಾಧನೆಗೆ, ಸೇವೆಗೆ, ಗುರುಗಳ ಜೀವನಕ್ಕೆ ಬೇಕಾದುದನ್ನು ಒದಗಿಸುವುದು ವಿಶ್ವಾಸಿಗಳ ಕರ್ತವ್ಯವೆಂದಿತು. ಅದೇ ಉಸಿರಿನಲ್ಲಿ, ತಮ್ಮ ಆದಾಯದಿಂದ ಬಡವರಿಗೆ ನೆರವಾಗುವುದೂ ಕರ್ತವ್ಯವೆಂದಿತು. ಪ್ರತಿ ಧರ್ಮಕೇಂದ್ರಕ್ಕೂ ಒಂದು ಹಣಕಾಸು ಸಮಿತಿ ಇರಬೇಕೆಂದಿತು. ಇಷ್ಟೇ ಕೊಡಬೇಕು ಎಂದು ಮಾತ್ರ ಹೇಳಲಿಲ್ಲ.

ಅಂಥದೊಂದು ಸಮಿತಿಗೆ ಕೆಲವು ವರ್ಷಗಳ ಹಿಂದೆ ನನ್ನನ್ನು ಸೇರಿಸಿದರು. ಧರ್ಮಕೇಂದ್ರದ ಹೆಸರು ಇಲ್ಲಿ ಬೇಡ. ಟೀಚರ್ ಎಂದ ಮೇಲೆ ಅಕ್ಷರ ದುಂಡಗಿರುತ್ತದೆ, ಕೂಡುವುದು ಕಳೆಯುವುದು ಸರಿಯಾಗಿರುತ್ತದೆ ಎಂದು ಲೆಕ್ಕದ ಪುಸ್ತಕ ನನ್ನ ಕೈಗೇ ಬಂತು. ತೆರೆದು ನೋಡಿದರೆ ಬರೀ ಗೊಂದಲ. ಕರೆಂಟ್ ಬಿಲ್ಲು ಎರಡು ತಿಂಗಳದು ನಿಂತಿತ್ತು. ಗಂಟೆ ಬಾರಿಸಿ, ಕಸ ಗುಡಿಸಿ, ದೀಪ ಹಚ್ಚುವ ಮುದುಕರ ಸಂಬಳವೂ ನಿಂತಿತ್ತು. ಅದನ್ನು ಕಂಡು ನನಗೆ ಸಿಟ್ಟೇ ಬಂತು. ಮನೆಯವರ ಹುಟ್ಟುಹಬ್ಬಕ್ಕೆ ಸಾವಿರಾರು ಸುರಿಯುವವರು ದೇವರ ಮನೆಯ ಮುದುಕರನ್ನು ಮರೆಯಬಹುದೆ?

ಮನೆಗೆ ತಿಂಗಳಿಗೆ ಐವತ್ತು ರೂಪಾಯಿ ವಂತಿಗೆ ಎಂದು ಸಮಿತಿ ಗೊತ್ತುಮಾಡಿತು. ನಾನು ಹೊಸ ಪುಸ್ತಕ ತಂದು ಗೆರೆ ಎಳೆದೆ. ಯಜಮಾನರ ಹೆಸರು, ತಿಂಗಳು, ಕೊಟ್ಟಿದ್ದು. ಕೊನೆಗೆ ಕೆಂಪು ಶಾಯಿಯಲ್ಲಿ 'ಬಾಕಿ' ಎಂದು ಒಂದು ಕಾಲಂ. ವರ್ಷದ ಕೊನೆಗೆ ಅದರ ನಕಲು ತೆಗೆದು ಬಾಗಿಲ ಬಳಿಯ ಫಲಕಕ್ಕೆ ಅಂಟಿಸಿದೆ. ಪರೀಕ್ಷೆಯ ಅಂಕಪಟ್ಟಿ ಅಂಟಿಸಿ ಅಭ್ಯಾಸವಾದ ಕೈ. ಪಟ್ಟಿ ಕೆಲಸವನ್ನೂ ಮಾಡಿತು. ಒಂದೇ ತಿಂಗಳಲ್ಲಿ ಹಣ ಬಂತು, ಬಿಲ್ಲು ತೀರಿತು, ಮುದುಕರ ಸಂಬಳವೂ ಮುಟ್ಟಿತು. ನಾಲ್ಕು ಜನ ಹೊಗಳಿದರು. ನಾನು ಹಿಗ್ಗಿದೆ.

ಕೊಬ್ಬರಿಯ ಚಿಪ್ಪು ಒಡೆದು ಬಿಡಿಸುವ ಕೂಲಿಗೆ ಹೋಗುವ ಒಬ್ಬ ಹೆಂಗಸು ನಮ್ಮ ಸಭೆಯಲ್ಲಿದ್ದರು. ನನಗಿಂತ ದೊಡ್ಡವರು, ಅಕ್ಕ ಎಂದೇ ನಾನು ಕರೆಯುವುದು. ಪ್ರತಿ ಭಾನುವಾರ ಎಡಗಡೆ ಕಂಬದ ಪಕ್ಕ ಕೂರುತ್ತಿದ್ದರು. ಆ ಜಾಗ ಖಾಲಿಯಾಗಿದೆ ಎಂದು ನಾನು ಗಮನಿಸುವ ಹೊತ್ತಿಗೆ ಐದಾರು ವಾರ ಕಳೆದಿತ್ತು. ಮೈಗೆ ಸರಿಯಿಲ್ಲವೇನೋ ಎಂದು ಮನೆಗೆ ಹೋದೆ. ಅವರು ಚಾಪೆ ಹಾಸಿದರು, ಕಾಫಿ ಕೊಟ್ಟರು. ಪೂಜೆಯ ಮಾತೆತ್ತಿದಾಗ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು:

"ಸತ್ತೋರ ತಲೆ ಮ್ಯಾಲೆ ಸಾಲ ಬರ್ದ್‌ಬುಟ್ರಲ್ಲ ಟೀಚ್ರಮ್ಮ. ಬದುಕಿದ್ದಾಗ ಒಬ್ರ ಹತ್ರನೂ ಕೈ ಚಾಚ್ದೋರಲ್ಲ ಅವ್ರು."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಎದೆ ಧಸಕ್ಕೆಂದಿತು. ಹಳೆಯ ಪುಸ್ತಕದಿಂದ ಹೆಸರುಗಳನ್ನು ಇಳಿಸಿಕೊಳ್ಳುವಾಗ ಯಜಮಾನರ ಕಾಲಂನಲ್ಲಿ ಅವರ ಗಂಡನ ಹೆಸರನ್ನೇ ಬರೆದಿದ್ದೆ. ಅವರು ತೀರಿಹೋಗಿ ಎರಡು ವರ್ಷವಾಗಿತ್ತು. ಮಣ್ಣಿಗೆ ನಾನೂ ಹೋಗಿದ್ದೆ. ಆ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಆರು ನೂರು ರೂಪಾಯಿ ಬಾಕಿ! ಅಕ್ಕ ತಿರುಪಾಗಿ ಏನೂ ಕೊಡದವರಲ್ಲ. ಕೈಯಲ್ಲಿದ್ದಾಗ ಹತ್ತೋ ಇಪ್ಪತ್ತೋ ಕಾಣಿಕೆ ಡಬ್ಬಿಗೆ ಹಾಕುತ್ತಿದ್ದರು. ಡಬ್ಬಿಗೆ ಹಾಕಿದ್ದು ಪುಸ್ತಕಕ್ಕೆ ಬರುವುದಿಲ್ಲ. ಅವರ ಹೆಸರಂತೂ ಪುಸ್ತಕದಲ್ಲಿ ಇರಲೇ ಇಲ್ಲ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಹೆಸರನ್ನು ತಿದ್ದಿದರೆ ಮುಗಿಯಿತು ಎಂದು ಮೊದಲು ಅಂದುಕೊಂಡೆ. ಆದರೆ ತಪ್ಪು ಹೆಸರಿನಲ್ಲಿ ಮಾತ್ರ ಇರಲಿಲ್ಲ. ಕಾಣಿಕೆ ಎಂದ ಮೇಲೆ ಅದಕ್ಕೆ ಬಾಕಿ ಹೇಗೆ? ಬಾಕಿ ಇರುವುದು ಸಾಲಕ್ಕೆ, ಕಂದಾಯಕ್ಕೆ. ಹಾಗೆಂದು, ಮನಸ್ಸು ಬಂದಾಗ ಕೊಡಿ ಎಂದು ಬಿಟ್ಟರೆ ಗಂಟೆ ಬಾರಿಸುವ ಮುದುಕರ ಗತಿಯೇನು? ಅವರ ಹಸಿವು ನಮ್ಮ ಮನಸ್ಸು ಬರುವವರೆಗೆ ಕಾಯುವುದಿಲ್ಲ. ಅವರಿಗೆ ಕೊಡಬೇಕಾದದ್ದು ಖಂಡಿತ ನಮ್ಮ ಬಾಕಿಯೇ. ಆದರೆ ಆ ಬಾಕಿ ಇಡೀ ಸಭೆಯದು. ಅದನ್ನು ಮನೆಗಿಷ್ಟು ಎಂದು ಸಮನಾಗಿ ಹಂಚಿದಾಗ ನ್ಯಾಯದಂತೆ ಕಾಣುತ್ತದೆ. ನನ್ನ ಐವತ್ತು ರೂಪಾಯಿ ಮತ್ತು ಅಕ್ಕನ ಐವತ್ತು ರೂಪಾಯಿ ಒಂದೇ ಅಲ್ಲವಲ್ಲ.

ಇನ್ನೊಂದು ಮಾತೂ ಹೊಳೆಯಿತು. 'ತಿಂಗಳು' ಎಂಬುದೇ ಸಂಬಳದವರ ಲೆಕ್ಕ. ನಮ್ಮ ಅರಸೀಕೆರೆ ತಾಲ್ಲೂಕಿನಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯುತ್ತಾರೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗುಡುಗುಡು ಎನ್ನುವ ಉಂಡೆ ಕೊಬ್ಬರಿಯಾದ ಮೇಲೆಯೇ ದುಡ್ಡು. ಅದನ್ನು ಒಡೆಯುವವರಿಗೂ ಕೆಲಸವಿದ್ದ ದಿನ ಕೂಲಿ, ಇಲ್ಲದ ದಿನ ಇಲ್ಲ. ಹಳಬರು ಹೊಸ ತೆನೆಯನ್ನು ದೇವಾಲಯಕ್ಕೆ ತರುತ್ತಿದ್ದದ್ದು ಬೆಳೆ ಕೈಗೆ ಬಂದಾಗ. ಸಂತ ಪೌಲನೂ ಕೊರಿಂಥದವರಿಗೆ ಬರೆದ ಮೊದಲ ಪತ್ರದ 16ನೆಯ ಅಧ್ಯಾಯದಲ್ಲಿ ವಾರದ ಮೊದಲ ದಿನ ಎತ್ತಿಡಿ ಎಂದನೇ ಹೊರತು ಎಲ್ಲರೂ ಒಂದೇ ಮೊತ್ತ ಎತ್ತಿಡಿ ಎನ್ನಲಿಲ್ಲ. ಅವರವರ ಗಳಿಕೆಗೆ ತಕ್ಕಂತೆ ಎಂದ. ಕ್ರಮ ಬೇಕು, ಆದರೆ ಅದು ಕೊಡುವವರ ಬದುಕಿನ ಕ್ರಮವಾಗಿರಬೇಕು.

ಕಾಣಿಕೆಯ ಭಾನುವಾರಗಳಲ್ಲಿ ಬಡ ವಿಧವೆಯ ಎರಡು ಕಾಸಿನ ಪ್ರಸಂಗವನ್ನು ಓದುವುದುಂಟು. ಅವಳಂತೆ ಕೊಡಿ ಎಂದು ಬೋಧಿಸುವುದೂ ಉಂಟು. ನಾನೂ ಮಕ್ಕಳಿಗೆ ಹಾಗೆಯೇ ಕಲಿಸಿದ್ದೆ. ಆ ರಾತ್ರಿ ಮಾರ್ಕನ 12ನೆಯ ಅಧ್ಯಾಯವನ್ನು ಸ್ವಲ್ಪ ಹಿಂದಿನಿಂದ ಓದಿದೆ. ವಿಧವೆಯನ್ನು ತೋರಿಸುವ ಸ್ವಲ್ಪ ಮುಂಚೆ ಯೇಸು ವಿಧವೆಯರ ಮನೆಗಳನ್ನು ನುಂಗುವ ಧರ್ಮಪಂಡಿತರನ್ನು ಖಂಡಿಸುತ್ತಾನೆ. ಆಮೇಲೆ ಬರುತ್ತಾಳೆ ಇವಳು, ತನ್ನ ಜೀವನಕ್ಕಿದ್ದ ಅಷ್ಟನ್ನೂ ಹಾಕಲು. ಅವಳ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊನೆಯ ಕಾಸನ್ನೂ ಹಾಕಿ ಹೋದ ಹೆಂಗಸು ಅಂದು ರಾತ್ರಿ ಏನು ಉಂಡಳು ಎಂದು ಪೆಟ್ಟಿಗೆ ಕಾಯುವವರು ಕೇಳಿಕೊಳ್ಳಬೇಡವೆ? ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದಲ್ಲಿ ಮೂರು ವರ್ಷಕ್ಕೊಮ್ಮೆ ದಶಮಾಂಶವನ್ನು ಊರಲ್ಲೇ ಕೂಡಿಡಬೇಕೆಂದಿದೆ. ಯಾರಿಗಾಗಿ? ಲೇವಿಯರಿಗೆ, ಪರದೇಶಿಗಳಿಗೆ, ತಬ್ಬಲಿಗಳಿಗೆ, ವಿಧವೆಯರಿಗೆ. ನಾನು ಯಾರ ಹೆಸರನ್ನು ಬಾಕಿಯ ಕಾಲಂನಲ್ಲಿ ಬರೆದೆನೋ ಅವರು ಪಡೆಯುವವರ ಪಟ್ಟಿಯಲ್ಲಿರಬೇಕಾದವರು.

ಮುಂದಿನ ಸಭೆಯಲ್ಲಿ ಇದನ್ನೆಲ್ಲ ಹೇಳಿದೆ. ಎಲ್ಲರೂ ಒಪ್ಪಲಿಲ್ಲ. "ಪಟ್ಟಿ ತೆಗೆದರೆ ಉಳ್ಳವರೂ ಕೊಡುವುದಿಲ್ಲ ಮೇಡಂ" ಎಂದರು ಹಿರಿಯರೊಬ್ಬರು. ಅವರ ಮಾತಿನಲ್ಲಿ ಸತ್ಯವಿತ್ತು. ಕೊನೆಗೆ ಸಂತ ವಿನ್ಸೆಂಟ್ ಡಿ ಪಾಲ್ ಸಂಘದವರ ಒಂದು ಪದ್ಧತಿ ನಮಗೆ ದಾರಿ ತೋರಿಸಿತು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಆ ಸಂಘದ ಸಭೆಗಳಲ್ಲಿ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ. ಪ್ರತಿಯೊಬ್ಬರೂ ಮುಚ್ಚಿದ ಕೈಯನ್ನು ಅದರೊಳಗೆ ಬಿಡುತ್ತಾರೆ. ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ ಎಂಬುದು ಪಕ್ಕದವರಿಗೂ ತಿಳಿಯುವುದಿಲ್ಲ.

ನಾವೂ ಹಾಗೆಯೇ ಮಾಡಿದೆವು. ಬಾಕಿ ಕಾಲಂ ಹೋಯಿತು, ಹೆಸರುಗಳೂ ಹೋದವು. ಫಲಕದ ಮೇಲೆ ಈಗ ಜನರ ಲೆಕ್ಕವಿಲ್ಲ, ನಮ್ಮ ಲೆಕ್ಕವಿದೆ. ಈ ತಿಂಗಳು ಎಷ್ಟು ಬಂತು, ಕರೆಂಟಿಗೆ ಎಷ್ಟು, ಸಂಬಳಕ್ಕೆ ಎಷ್ಟು, ಬಡವರಿಗೆ ಎಷ್ಟು, ಇನ್ನೆಷ್ಟು ಬೇಕು. ಲೆಕ್ಕ ಒಪ್ಪಿಸಬೇಕಾದವನು ಮನೆವಾರ್ತೆಯವನು ತಾನೆ? ಮೊದಲ ಮೂರು ತಿಂಗಳು ಹಣ ಕಡಿಮೆಯಾಯಿತು, ಸುಳ್ಳು ಹೇಳಲಾರೆ. ಸಂಬಳದವರಾದ ನಾವು ಕೆಲವರು ಮೊದಲಿಗಿಂತ ಹೆಚ್ಚು ಹಾಕಬೇಕಾಯಿತು. ಈಗಲೂ ಕೆಲವು ತಿಂಗಳು ಎಳೆದಾಡುತ್ತೇವೆ. ಆದರೆ ಆ ಮುದುಕರ ಸಂಬಳವನ್ನು ಎಲ್ಲಕ್ಕಿಂತ ಮೊದಲು ಎತ್ತಿಡುತ್ತೇವೆ, ಅಕ್ಕಿ ತೊಳೆಯುವ ಮುಂಚೆ.

ನಾನು ಅಕ್ಕನ ಮನೆಗೆ ಮತ್ತೆ ಹೋಗಿ, ತಪ್ಪಾಯಿತು ಎಂದೆ. ಅವರು, "ಅಯ್ಯೋ, ನೀವು ಓದ್ದೋರು, ಹಂಗನ್ಬಾರ್ದು" ಎಂದು ನನ್ನನ್ನೇ ಸಮಾಧಾನ ಮಾಡಿದರು. ಅದರಿಂದ ನನಗೆ ಇನ್ನಷ್ಟು ನಾಚಿಕೆಯಾಯಿತು. ಅವರು ತಕ್ಷಣವೇನೂ ಬರಲಿಲ್ಲ. ಸೆಪ್ಟೆಂಬರ್ 8ರ ಮಾತೆಯ ಹುಟ್ಟುಹಬ್ಬಕ್ಕೆ ಬಂದರು, ಕಂಬದ ಪಕ್ಕವೇ ಕೂತರು. ಚೀಲ ಅವರ ಬಳಿ ಹೋದಾಗ ಸೆರಗಿನ ಗಂಟು ಬಿಚ್ಚಿ, ಮುಷ್ಟಿಯನ್ನು ಒಳಗೆ ಬಿಟ್ಟು ತೆಗೆದರು.

ಎಷ್ಟು ಹಾಕಿದರೋ ನನಗೆ ಗೊತ್ತಿಲ್ಲ. ಅವ್ವನ ಗಂಟಿನಲ್ಲಿ ಎಷ್ಟಿರುತ್ತಿತ್ತು ಎಂಬುದೂ ಯಾರಿಗೂ ಗೊತ್ತಿರಲಿಲ್ಲ.