ಮೊದಲ ರ‍್ಯಾಂಕಿನ ನಾಯಿ ಮನೆಗೆ ಬಂದರೆ

1994ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಸ್ಟ್ಯಾನ್ಲಿ ಕೋರೆನ್ ನಾಯಿಗಳ ಬುದ್ಧಿಯ ಬಗ್ಗೆ ಪುಸ್ತಕವೊಂದನ್ನು ಬರೆದು, ತಳಿಗಳಿಗೆಲ್ಲ ರ‍್ಯಾಂಕ್ ಹಂಚಿಬಿಟ್ಟರು. ಮೊದಲನೆಯದು ಬಾರ್ಡರ್ ಕಾಲಿ, ಎರಡನೆಯದು ಪೂಡಲ್, ಮೂರನೆಯದು ಜರ್ಮನ್ ಶೆಪರ್ಡ್. ಹತ್ತನೆಯ ಸ್ಥಾನ ಆಸ್ಟ್ರೇಲಿಯನ್ ಕ್ಯಾಟಲ್ ಡಾಗ್‌ಗೆ. ಪುಸ್ತಕವನ್ನು ಕಣ್ಣಿಂದ ನೋಡದವರಿಗೂ ಈ ಪಟ್ಟಿ ಬಾಯಿಪಾಠ. ಸಿಡ್ನಿ, ಮೆಲ್ಬರ್ನುಗಳ ಹೊರವಲಯದಲ್ಲಿ ಹಿತ್ತಿಲಿರುವ ಮನೆ ಕೊಂಡ ಕನ್ನಡ ಕುಟುಂಬದಲ್ಲಿ ಮಕ್ಕಳು ನಾಯಿ ಬೇಕೆಂದು ಹಟ ಹಿಡಿದಾಗ, ಯಾರಾದರೊಬ್ಬರು ಈ ಪಟ್ಟಿಯನ್ನು ತೆಗೆದೇ ತೆಗೆಯುತ್ತಾರೆ. ಫಸ್ಟ್ ರ‍್ಯಾಂಕ್ ಎಂದೊಡನೆ ನಮ್ಮವರ ಕಿವಿ ನಿಮಿರುವುದು ಇಂದು ನಿನ್ನೆಯದಲ್ಲವಷ್ಟೆ.

ಆದರೆ ಆ ಪರೀಕ್ಷೆಯಲ್ಲಿ ಅಳೆದದ್ದೇನು? ಕೋರೆನ್ ಅಮೆರಿಕ ಮತ್ತು ಕೆನಡಾದ ವಿಧೇಯತಾ ಸ್ಪರ್ಧೆಗಳ ಸುಮಾರು ಇನ್ನೂರು ತೀರ್ಪುಗಾರರ ಅಭಿಪ್ರಾಯ ಸಂಗ್ರಹಿಸಿದ್ದರು. ಹೊಸ ಆಜ್ಞೆಯೊಂದನ್ನು ಐದಕ್ಕಿಂತ ಕಡಿಮೆ ಸಲ ಹೇಳಿದರೆ ಕಲಿಯಬೇಕು, ನೂರರಲ್ಲಿ ತೊಂಬತ್ತೈದು ಬಾರಿ ಮೊದಲ ಮಾತಿಗೇ ಕೇಳಬೇಕು. ಅಂಥವು ಮೇಲಿನ ದರ್ಜೆಯ ನಾಯಿಗಳು. ಅಂದರೆ ಅಳೆದದ್ದು ಕಲಿಕೆಯ ವೇಗ ಮತ್ತು ವಿಧೇಯತೆ. ಒಂದೇ ಸೂರಿನಡಿ ಆ ನಾಯಿಯೊಂದಿಗೆ ಬಾಳುವುದು ಎಷ್ಟು ಸುಲಭ ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಐದು ಸಲಕ್ಕೆ "ಕೂತ್ಕೋ" ಕಲಿಯುವ ನಾಯಿ, ಅಡುಗೆಮನೆಯ ಕಪಾಟನ್ನು ಮೂತಿಯಿಂದ ತೆಗೆಯುವುದನ್ನು ಎರಡು ಸಲಕ್ಕೇ ಕಲಿಯುತ್ತದೆ. ಕುಂಯ್ ಎಂದರೆ ಬಾಗಿಲು ತೆರೆಯುತ್ತದೆ, ಯಜಮಾನರು ಲ್ಯಾಪ್‌ಟಾಪ್ ಮುಚ್ಚಿದರೆಂದರೆ ವಾಕಿಂಗ್ ಹೊತ್ತಾಯಿತು, ಅಜ್ಜಿ ಚಪಾತಿ ಲಟ್ಟಿಸುವಾಗ ಎಡಗಡೆ ನಿಂತರೆ ಒಂದು ಚೂರು ಸಿಗುತ್ತದೆ. ಇವೆಲ್ಲ ಯಾರೂ ಕಲಿಸದೆ ಕಲಿತ ಪಾಠಗಳು.

ಬಾರ್ಡರ್ ಕಾಲಿಯ ಕೀರ್ತಿಗೆ ಇನ್ನೊಂದು ಗರಿ ಮೂಡಿಸಿದ್ದು ಅಮೆರಿಕದ ಚೇಸರ್. ದಕ್ಷಿಣ ಕೆರೊಲಿನಾದ ವೊಫರ್ಡ್ ಕಾಲೇಜಿನಿಂದ ನಿವೃತ್ತರಾದ ಮನಶ್ಶಾಸ್ತ್ರಜ್ಞ ಜಾನ್ ಪಿಲ್ಲಿ 2004ರಲ್ಲಿ ಮರಿಯಾಗಿ ತಂದ ಈ ಹೆಣ್ಣುನಾಯಿ 1,022 ಆಟಿಕೆಗಳ ಹೆಸರು ಕಲಿಯಿತು. ಬಟ್ಟೆಯ ಗೊಂಬೆಗಳು, ಚೆಂಡುಗಳು, ಫ್ರಿಸ್ಬಿಗಳು, ಪ್ರತಿಯೊಂದಕ್ಕೂ ಬೇರೆ ಹೆಸರು. ಎಂದೂ ಕೇಳದ ಹೆಸರು ಹೇಳಿದರೆ, ರಾಶಿಯಲ್ಲಿ ಎಂದೂ ನೋಡದ ವಸ್ತುವೇ ಅದಿರಬೇಕೆಂದು ತರ್ಕಿಸಿ ಎತ್ತಿ ತರುತ್ತಿತ್ತು. 2011ರಲ್ಲಿ ಈ ಸಂಶೋಧನೆ ಪ್ರಕಟವಾದಾಗ ಚೇಸರ್ ಟೀವಿಯಲ್ಲೆಲ್ಲ ಮೆರೆಯಿತು. ಸುದ್ದಿಯಲ್ಲಿ ಅಷ್ಟಾಗಿ ಮೆರೆಯದ ಸಂಗತಿ ಒಂದಿದೆ: ಪಿಲ್ಲಿ ಮೂರು ವರ್ಷ, ದಿನಕ್ಕೆ ನಾಲ್ಕೈದು ಗಂಟೆ ಅದರ ಜೊತೆ ಕೂತಿದ್ದರು. ಎಂಟು ಗಂಟೆಯ ಕೆಲಸ, ಮಕ್ಕಳ ಈಜು ತರಗತಿ, ಭಾನುವಾರದ ಕನ್ನಡ ಶಾಲೆ, ಇವುಗಳ ನಡುವೆ ಅಷ್ಟು ಹೊತ್ತು ಎಲ್ಲಿಂದ ತರುವುದು?

ಈ ನಾಯಿಗಳ ಹುಚ್ಚಾಟಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅವುಗಳ ಕಸುಬನ್ನು ನೋಡಬೇಕು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಯ ನಾರ್ತಂಬರ್ಲೆಂಡಿನಲ್ಲಿ 1893ರಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಎಂಬ ಗಂಡುನಾಯಿ ಇಂದಿನ ಬಾರ್ಡರ್ ಕಾಲಿಗಳ ಮೂಲಪುರುಷ. ಆಡಮ್ ಟೆಲ್ಫರ್ ಎಂಬ ರೈತ ಸಾಕಿದ ಈ ನಾಯಿ ಬೊಗಳುತ್ತಿರಲಿಲ್ಲ, ಕಚ್ಚುತ್ತಿರಲಿಲ್ಲ. ತಲೆ ತಗ್ಗಿಸಿ, ಮೈ ನೆಲಕ್ಕಿಳಿಸಿ, ಕಣ್ಣಿನಿಂದಲೇ ಕುರಿಗಳನ್ನು ಕದಲಿಸುತ್ತಿತ್ತು. ಅದು ಬದುಕಿದ್ದು ಎಂಟು ವರ್ಷವೂ ಅಲ್ಲ. ಆದರೂ ಸುತ್ತಲಿನ ಕುರುಬರೆಲ್ಲ ಅದರ ಸಂತಾನಕ್ಕಾಗಿ ಮುಗಿಬಿದ್ದರು. 1906ರಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಶೀಪ್ ಡಾಗ್ ಸೊಸೈಟಿ ಇಂದಿಗೂ ಈ ನಾಯಿಗಳ ವಂಶಾವಳಿಯನ್ನು ಕಾಪಾಡಿಕೊಂಡು ಬಂದಿದೆ.

ಕುರಿಗಳನ್ನು ಕದಲಿಸುವ ಆ ನೋಟ ಬಂದದ್ದು ತೋಳದಿಂದ. ತೋಳದ ಬೇಟೆಗೆ ಹಂತಗಳಿವೆ: ಗುರುತಿಸುವುದು, ದಿಟ್ಟಿಸುವುದು, ಹೊಂಚುತ್ತ ಹೋಗುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು. ಬಾರ್ಡರ್ ಕಾಲಿಯಲ್ಲಿ ಮೊದಲಿನವನ್ನು ಹರಿತಗೊಳಿಸಿ ಕೊನೆಯವನ್ನು ತಳಿ ಆಯ್ಕೆಯಿಂದ ಮೊಂಡಾಗಿಸಿದ್ದಾರೆ ಎಂದು ಅಮೆರಿಕದ ಜೀವವಿಜ್ಞಾನಿ ರೇಮಂಡ್ ಕಾಪಿಂಜರ್ ವಿವರಿಸಿದ್ದರು. ಕ್ಯಾಟಲ್ ಡಾಗ್‌ನಲ್ಲಿ ಕಚ್ಚುವ ಹಂತವನ್ನು ಬೇಕೆಂದೇ ಉಳಿಸಿಕೊಂಡಿದ್ದಾರೆ. ದನ ಕಣ್ಣಿಗೆ ಹೆದರುವುದಿಲ್ಲ. ಹಿಂಗಾಲಿನ ಹರಡಿಗೆ ಒಂದು ಚಿವುಟು, ತಕ್ಷಣ ನೆಲಕ್ಕೆ ಅಂಟಿಕೊಂಡು ಒದೆ ತಪ್ಪಿಸಿಕೊಳ್ಳುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂ ಸೌತ್ ವೇಲ್ಸಿನ ಥಾಮಸ್ ಹಾಲ್ ಬ್ರಿಟನ್ನಿನ ದನದ ನಾಯಿಗಳಿಗೆ ಕಾಡಿನ ಡಿಂಗೊವನ್ನು ಕೂಡಿಸಿ ಬೆಳೆಸಿದ ವರಸೆ ಇದು.

ಈಗ ಇಂಥದೊಂದು ನಾಯಿಯನ್ನು ಮಗುವಿನ ಹುಟ್ಟುಹಬ್ಬಕ್ಕೆ ಹಿತ್ತಿಲಲ್ಲಿ ಬಿಡಿ. ಹದಿನೈದು ಮಕ್ಕಳು ಹದಿನೈದು ದಿಕ್ಕಿಗೆ ಓಡುತ್ತಿದ್ದಾರೆ. ನಾಯಿಗೆ ಇದು ಚೆದುರಿದ ಮಂದೆ. ಸುತ್ತು ಹಾಕುತ್ತದೆ, ಅಡ್ಡ ನಿಲ್ಲುತ್ತದೆ, ಹಿಮ್ಮಡಿಗೆ ಹಲ್ಲು ತಾಗಿಸುತ್ತದೆ. ಎಲ್ಲರೂ ತುಳಸಿಕಟ್ಟೆಯ ಹತ್ತಿರ ಒಟ್ಟಾದ ಮೇಲಷ್ಟೇ ನಾಲಿಗೆ ಚಾಚಿ ಕೂರುತ್ತದೆ. ತಾಯಂದಿರು ಗಾಬರಿಯಾಗುವುದು ಸಹಜ. ಊರಿಂದ ಆರು ತಿಂಗಳಿಗೆ ಬಂದ ಅಜ್ಜ ಉದ್ಯಾನದಲ್ಲಿ ಸ್ನೇಹಿತರನ್ನು ಬಿಟ್ಟು ಮುಂದೆ ನಡೆದರೆ, ನಾಯಿ ಓಡಿ ಹೋಗಿ ಅಡ್ಡಗಟ್ಟಿ ಗುಂಪಿಗೆ ಸೇರಿಸುತ್ತದೆ. ವ್ಯಾಕ್ಯೂಮ್ ಕ್ಲೀನರ್, ಸೈಕಲ್, ಹಾದುಹೋಗುವ ಕಾರಿನ ಚಕ್ರ, ಎಲ್ಲವೂ ಅದಕ್ಕೆ ತಪ್ಪಿಸಿಕೊಂಡ ಕುರಿಗಳೇ. ತಮಾಷೆಗೆಂದು ಗೋಡೆಯ ಮೇಲೆ ಲೇಸರ್ ಚುಕ್ಕಿ ಓಡಿಸುವವರಿದ್ದಾರೆ, ದಯವಿಟ್ಟು ಬೇಡ. ಹಿಡಿಯಲಾಗದ ಬೆಳಕನ್ನು ಅಟ್ಟಿ ಅಟ್ಟಿ, ಬಳಿಕ ಕೈಗಡಿಯಾರದ ಪ್ರತಿಫಲನಕ್ಕೂ ನೆರಳಿಗೂ ಗಂಟೆಗಟ್ಟಲೆ ಅಂಟಿಕೊಳ್ಳುವ ಚಟ ಈ ತಳಿಗಳಿಗೆ ಬೇಗ ಹತ್ತುತ್ತದೆ, ಬಿಡಿಸುವುದು ಕಷ್ಟ.

ಕರ್ನಾಟಕದಿಂದ ಬಂದವರಿಗೆ ಇದು ಗಲಿಬಿಲಿ ಎನಿಸಲು ಕಾರಣವಿದೆ. ನಾವು ಕಂಡ ಕುರಿಗಾರರ ನಾಯಿಯ ಕಸುಬೇ ಬೇರೆ. ಉತ್ತರ ಕರ್ನಾಟಕದ ಕುರುಬರು ಡೆಕ್ಕನಿ ಕುರಿಗಳ ಹಿಂಡು ಹೊಡೆದುಕೊಂಡು ಊರೂರು ತಿರುಗಿ, ಗೊಬ್ಬರಕ್ಕೆಂದು ರೈತರ ಹೊಲದಲ್ಲಿ ರಾತ್ರಿ ಕುರಿ ತರುಬುವಾಗ, ನಾಯಿ ಇರುವುದು ತೋಳ ಬಂದರೆ ಮೈಮೇಲೆ ಬೀಳುವುದಕ್ಕೆ. ಹಿಂಡನ್ನು ತಿರುಗಿಸುವುದು ಕುರುಬನ ದನಿ, ಅವನ ಕೋಲು. ಮೈಲಾರಲಿಂಗನ ಒಕ್ಕಲಿನ ಗೊರವರು ದೇವರ ನಾಯಿಗಳೆಂದು ಬೊಗಳುತ್ತ ದೋಣಿ ಎಂಬ ಪಾತ್ರೆಯಲ್ಲಿ ಬಾಯಿಟ್ಟು ಉಣ್ಣುವ ಆಚರಣೆಯಲ್ಲೂ ನಾಯಿ ಎಂದರೆ ಒಡೆಯನ ನಿಷ್ಠಾವಂತ ಬಂಟ. ನಾಯಿ ಎಂದರೆ ಕಾವಲು ಎಂದೇ ನಂಬಿ ಬೆಳೆದವರ ಮನೆಗೆ, ಗೇಟಿನ ಕಡೆ ತಿರುಗಿಯೂ ನೋಡದೆ ಮನೆಮಂದಿಯನ್ನೇ ಎಣಿಸುತ್ತ ಕೂರುವ ನಾಯಿ ಬಂದರೆ ವಿಚಿತ್ರ ಅನ್ನಿಸದೆ ಇದ್ದೀತೆ?

ಆಸ್ಟ್ರೇಲಿಯಾದ ಇನ್ನೊಂದು ಸ್ವಂತ ಮಂದೆನಾಯಿ ಕೆಲ್ಪಿ. ಸ್ಕಾಟ್ಲೆಂಡಿನಿಂದ ಬಂದ ಕಾಲಿಗಳ ಸಂತತಿ. ವಿಕ್ಟೋರಿಯಾದ ಕ್ಯಾಸ್ಟರ್ಟನ್ ಬಳಿಯ ವಾರಕ್ ಎಂಬ ಕುರಿ ಎಸ್ಟೇಟಿನಲ್ಲಿ 1870ರ ಸುಮಾರಿಗೆ ಹುಟ್ಟಿದ ಹೆಣ್ಣುಮರಿಯೊಂದನ್ನು ಜಾಕ್ ಗ್ಲೀಸನ್ ಎಂಬ ಕುರಿಗಾರ ತನ್ನ ಕುದುರೆ ಕೊಟ್ಟು ಪಡೆದನಂತೆ. ಅದರ ಹೆಸರೇ ತಳಿಗೆ ಉಳಿಯಿತು. ಕೆಲ್ಪಿಯ ಖ್ಯಾತ ಪಟ್ಟೆಂದರೆ, ರೊಪ್ಪದಲ್ಲಿ ಒತ್ತೊತ್ತಾಗಿ ನಿಂತ ಕುರಿಗಳ ಬೆನ್ನ ಮೇಲೆಯೇ ಓಡಿ ಆಚೆ ತುದಿಗೆ ಹಾರಿ ಹಿಂಡನ್ನು ಮುಂದೆ ತಳ್ಳುವುದು. ಮನೆಯಲ್ಲಿ ಅದು ಸೋಫಾದ ಬೆನ್ನಿನ ಮೇಲೆ ನಡೆಯುವುದು ಯಾಕೆಂದು ಇನ್ನು ಕೇಳಬೇಕಿಲ್ಲ.

ಕೆಲ್ಪಿ ಮತ್ತು ಕ್ಯಾಟಲ್ ಡಾಗ್ ರಕ್ತ ಬೆರೆತ ರೆಡ್ ಡಾಗ್‌ನ ಕಥೆ ಇಲ್ಲಿ ಹೇಳಲೇಬೇಕು. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಸೀಮೆ, ಕಬ್ಬಿಣದ ಅದಿರಿನ ಕೆಂಪು ನೆಲ. 1971ರಲ್ಲಿ ಪ್ಯಾರಬರ್ಡೂನಲ್ಲಿ ಹುಟ್ಟಿದ ಈ ನಾಯಿ ಡ್ಯಾಂಪಿಯರ್ ಬಂದರಿಗೆ ಬಂತು. ಗಣಿ ಕಾರ್ಮಿಕರ ಬಸ್ಸು ಓಡಿಸುತ್ತಿದ್ದ ಚಾಲಕನೊಬ್ಬನನ್ನು ಒಡೆಯನೆಂದು ತಾನೇ ಆರಿಸಿಕೊಂಡಿತು. 1975ರಲ್ಲಿ ಆತ ಅಪಘಾತದಲ್ಲಿ ತೀರಿಕೊಂಡ. ಆಮೇಲೆ ನಾಯಿ ಯಾರಿಗೂ ಸೇರಲಿಲ್ಲ, ಎಲ್ಲರಿಗೂ ಸೇರಿತು. ರಸ್ತೆಯಲ್ಲಿ ನಿಂತು ಗುರುತಿನ ಕಾರು, ಲಾರಿ ಹತ್ತಿ ನೂರಾರು ಕಿಲೋಮೀಟರ್ ತಿರುಗಿತು. ದಕ್ಷಿಣಕ್ಕೆ ಪರ್ತ್‌ವರೆಗೂ ಹೋಗಿ ಬಂತು. ಕಾರ್ಮಿಕ ಸಂಘ ಅದನ್ನು ಸದಸ್ಯನನ್ನಾಗಿ ಮಾಡಿಕೊಂಡಿತು, ಬ್ಯಾಂಕಿನಲ್ಲಿ ಅದರ ಹೆಸರಲ್ಲಿ ಖಾತೆ ತೆರೆದರು. 1979ರ ನವೆಂಬರಿನಲ್ಲಿ ವಿಷಪ್ರಾಶನದಿಂದ ಸತ್ತಿತು. ಡ್ಯಾಂಪಿಯರ್ ಊರ ಬಾಗಿಲಲ್ಲಿ ಅದರ ಪ್ರತಿಮೆ ಇದೆ. ಆ ಪ್ರತಿಮೆಯನ್ನು ನೋಡಿದ ಕಾದಂಬರಿಕಾರ ಲೂಯಿ ದ ಬರ್ನಿಯೇರ್ ಪುಸ್ತಕ ಬರೆದರು, 2011ರಲ್ಲಿ ಸಿನಿಮಾವೂ ಬಂತು. ನಿಷ್ಠೆಯ ಕಥೆಯೆಂದು ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ಇನ್ನೊಂದು ಬಗೆಯಲ್ಲೂ ಓದಬಹುದು: ಎಲ್ಲಿಗೆ, ಯಾರ ಜೊತೆ, ಯಾವಾಗ ಎಂಬುದನ್ನೆಲ್ಲ ಆ ನಾಯಿ ತಾನೇ ನಿರ್ಧರಿಸುತ್ತಿತ್ತು.

ಈ ಸ್ವಂತ ನಿರ್ಧಾರವೇ ಮಂದೆನಾಯಿಗಳ ಜೀವಾಳ. ಗುಡ್ಡದ ಆಚೆ ನೂರಾರು ಮೀಟರ್ ದೂರದಲ್ಲಿ ಕುರಿ ಯಾವ ಕಡೆ ತಿರುಗೀತೆಂದು ಕುರುಬನಿಗೆ ಕಾಣಿಸದು, ನಾಯಿಗೆ ಕಾಣುತ್ತದೆ. ಸೀಟಿ ಎಡಕ್ಕೆ ಎಂದರೂ ಬಲಕ್ಕೆ ಹೋಗಬೇಕಾದ ಗಳಿಗೆ ಬರುತ್ತದೆ. ಆಗ ಮಾತು ಮೀರುವ ನಾಯಿಯೇ ಒಳ್ಳೆಯ ನಾಯಿ. ಪಟ್ಟಿಯಲ್ಲಿ ವಿಧೇಯತೆಗೆ ಮೊದಲ ಸ್ಥಾನ ಪಡೆದದ್ದನ್ನು ಹೊಲದಲ್ಲಿ ಮೆಚ್ಚುವುದು ಅದರ ಅವಿಧೇಯತೆಗೆ! ಮನೆಯೊಳಗೆ ಬಂದ ಇಂಥ ನಾಯಿ ಪ್ರತಿ ಆಜ್ಞೆಯನ್ನೂ ಒಮ್ಮೆ ತೂಗಿ ನೋಡುತ್ತದೆ. ಮನೆಯಲ್ಲಿ ಒಬ್ಬರು ಸೋಫಾ ಹತ್ತಬೇಡ ಎಂದು, ಇನ್ನೊಬ್ಬರು "ಬಾ ಮರಿ" ಎಂದರೆ, ಅದು ಕಲಿಯುವುದು ಯಾರ ಮಾತಿಗೆ ಬೆಲೆಯಿಲ್ಲ ಎಂಬುದನ್ನು.

ಹಾಗಾದರೆ ಬೆಳಗ್ಗೆ ಸಂಜೆ ಓಡಿಸಿದರೆ ಸಾಕೆ? ಸಾಲದು. ಬರೀ ಚೆಂಡೆಸೆದು ಓಡಿಸುತ್ತ ಹೋದರೆ ನಾಯಿಗೆ ದಮ್ಮು ಹೆಚ್ಚುತ್ತದೆಯೇ ಹೊರತು ಸಮಾಧಾನ ಬರುವುದಿಲ್ಲ. ಅದಕ್ಕೆ ಬೇಕಾದದ್ದು ತಲೆಗೆ ಕೆಲಸ: ಮನೆಯಲ್ಲಿ ಬಚ್ಚಿಟ್ಟ ತಿನಿಸನ್ನು ಮೂಗಿನಿಂದ ಹುಡುಕುವುದು, ಆಟಿಕೆಗಳ ಹೆಸರು ಕಲಿಯುವುದು, ಅಜಿಲಿಟಿ ಕ್ಲಬ್ಬಿನ ಅಡೆತಡೆ ಓಟ. ವಾರಾಂತ್ಯದಲ್ಲಿ ನಗರದ ನಾಯಿಗಳಿಗೆ ನಿಜವಾದ ಕುರಿಗಳ ಮೇಲೆ ಪಾಠ ಹೇಳುವ ಫಾರ್ಮುಗಳೂ ಇವೆ. ಇಷ್ಟೇ ಮುಖ್ಯವಾದದ್ದು ಸುಮ್ಮನೆ ಮಲಗುವುದನ್ನು ಕಲಿಸುವುದು. ಕುರುಬನ ನಾಯಿಯೂ ಇಡೀ ದಿನ ಓಡುವುದಿಲ್ಲ. ಕೆಲಸ ಮುಗಿಯಿತೆಂಬ ಮಾತು ಕಿವಿಗೆ ಬಿದ್ದೊಡನೆ ವಾಹನದ ಹಿಂದೆ ಹೋಗಿ ಒರಗುತ್ತದೆ.

ದುಡಿಯುವ ನಾಯಿಯ ಬೆಲೆಯನ್ನು ರೈತರು ಚೆನ್ನಾಗಿ ಬಲ್ಲರು. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ 812 ಮಂದೆನಾಯಿ ಮಾಲೀಕರ ಸಮೀಕ್ಷೆ ಪ್ರಕಟಿಸಿದರು. ನಾಯಿಯೊಂದರ ಜೀವಮಾನದ ಖರ್ಚು ಸುಮಾರು 7,763 ಡಾಲರ್, ಅದು ಮಾಡಿಕೊಡುವ ಕೆಲಸದ ಬೆಲೆ ಸುಮಾರು 40,000 ಡಾಲರ್. ಹೂಡಿದ್ದರ ಐದು ಪಟ್ಟಿಗೂ ಮೇಲೆ. ಹಿತ್ತಿಲಿನ ನಾಯಿಯ ಲೆಕ್ಕದಲ್ಲಿ ಬರೀ ಖರ್ಚಿನ ಕಾಲಮು ಮಾತ್ರ ಇರುತ್ತದೆ, ಅದು ತಿಳಿದಿರಲಿ.

ಕನ್ನಡ ಮನೆಗಳಿಗೆಂದೇ ಕೆಲವು ಮಾತು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳಿಗೆ ಹಾನಿ. ದ್ರಾಕ್ಷಿ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಹಬ್ಬದ ದಿನ ಶಾವಿಗೆ ಪಾಯಸದ ಬಟ್ಟಲನ್ನು ಪ್ರೀತಿಯಿಂದ ನೆಕ್ಕಲು ಕೊಡುವವರು ಒಣದ್ರಾಕ್ಷಿಯ ನೆನಪಿಟ್ಟುಕೊಳ್ಳಿ. ಮಂದೆನಾಯಿಗಳ ಕಿವಿ ಸೂಕ್ಷ್ಮ. ದೀಪಾವಳಿ ಮೇಳದ ಬಾಣಬಿರುಸು, ಹೊಸ ವರ್ಷದ ರಾತ್ರಿಯ ಸಿಡಿಮದ್ದಿಗೆ ಬೆದರಿ ಬೇಲಿ ಹಾರುವ ನಾಯಿಗಳು ಬಹಳ. ಆ ರಾತ್ರಿ ಪರದೆ ಎಳೆದು ಒಳಗೇ ಇಟ್ಟುಕೊಳ್ಳಬೇಕು. ಇನ್ನು ಡಿಸೆಂಬರಿನಲ್ಲಿ ಊರಿಗೆ ಹೋಗುವ ವಿಚಾರ. ಆರು ವಾರ ಬೋರ್ಡಿಂಗಿನ ಪಂಜರದಲ್ಲಿ ಕೂತ ಬಾರ್ಡರ್ ಕಾಲಿ ಮರಳಿ ಬರುವಾಗ ಬೇರೆಯೇ ನಾಯಿಯಾಗಿರಬಹುದು. ಜೊತೆಗೆ ಕರೆದೊಯ್ಯುವ ಯೋಚನೆಯಂತೂ ಬೇಡ. ಭಾರತದಿಂದ ನೇರವಾಗಿ ನಾಯಿ ತರಲು ಆಸ್ಟ್ರೇಲಿಯಾದ ಜೈವಿಕ ಸುರಕ್ಷತಾ ನಿಯಮ ಅವಕಾಶ ಕೊಡುವುದಿಲ್ಲ.

ಬ್ರಿಸ್ಬೇನಿನಲ್ಲಿ ತಯಾರಾಗಿ 2018ರಲ್ಲಿ ಶುರುವಾದ 'ಬ್ಲೂಯಿ' ಕಾರ್ಟೂನಿನಿಂದ ಮಕ್ಕಳಿಗೆ ಕ್ಯಾಟಲ್ ಡಾಗ್ ಎಂದರೆ ಮುದ್ದಿನ ಅಕ್ಕ-ತಂಗಿ. ಅಲ್ಲಿನ ಅಪ್ಪ ಬ್ಯಾಂಡಿಟ್ ದಿನವಿಡೀ ಮಕ್ಕಳೊಡನೆ ಆಡುತ್ತಲೇ ಇರುತ್ತಾನೆ. ಆ ಒಂದು ವಿಷಯದಲ್ಲಿ ಕಾರ್ಟೂನು ನಿಜಕ್ಕೆ ತೀರ ಹತ್ತಿರವಿದೆ.

ಹಾಗೆಂದು ಈ ನಾಯಿಗಳು ಬೇಡವೆಂದಲ್ಲ. ದಿನಕ್ಕೆ ಎರಡು ಗಂಟೆಯನ್ನು ಹನ್ನೆರಡು ಹದಿನೈದು ವರ್ಷ ಕೊಡಬಲ್ಲ ಮನೆಗೆ ಇವುಗಳಿಗಿಂತ ಒಳ್ಳೆಯ ಜೊತೆ ಸಿಗುವುದು ಕಷ್ಟ. ಅಷ್ಟು ಹೊತ್ತಿಲ್ಲದವರು ಪಟ್ಟಿಯ ಕೆಳಗಿನ ಸಾಲುಗಳನ್ನೂ ನೋಡಲಿ. ಮರಿಯೇ ಬೇಕೆಂಬ ಹಟವಿಲ್ಲದಿದ್ದರೆ, ಹರೆಯದ ಚೇಷ್ಟೆ ತಡೆಯಲಾರದೆ ಮಾಲೀಕರು ಬಿಟ್ಟುಹೋದ ಕೆಲ್ಪಿ, ಕಾಲಿಗಳು ಆಶ್ರಯಧಾಮಗಳಲ್ಲಿವೆ. ಸ್ವಭಾವ ಆಗಲೇ ಗೊತ್ತಾಗಿರುವ ದೊಡ್ಡ ನಾಯಿಯನ್ನು ತರುವುದು ಮೊದಲ ಸಲ ನಾಯಿ ಸಾಕುವವರಿಗೆ ಜಾಣತನ. ವಿಕ್ಟೋರಿಯಾದಲ್ಲಿರುವವರು ಜೂನ್ ತಿಂಗಳ ದೀರ್ಘ ವಾರಾಂತ್ಯದಲ್ಲಿ ಮಕ್ಕಳನ್ನು ಕರೆದುಕೊಂಡು ಕ್ಯಾಸ್ಟರ್ಟನ್‌ನ ಕೆಲ್ಪಿ ಜಾತ್ರೆಗೆ ಹೋಗಿ ಬನ್ನಿ. ಮೆಲ್ಬರ್ನಿನಿಂದ ನಾಲ್ಕು ಗಂಟೆಗೂ ಮಿಕ್ಕ ದಾರಿ. ಗುಡ್ಡ ಹತ್ತುವ ಓಟ, ಎತ್ತರ ಜಿಗಿತ, ಕೆಲಸದ ನಾಯಿಗಳ ಹರಾಜು ಎಲ್ಲವೂ ಅಲ್ಲಿ ಕಾಣಸಿಗುತ್ತವೆ. ಆ ನಾಯಿಗಳು ದುಡಿಯುವುದನ್ನು ಒಂದು ದಿನ ಕೂತು ನೋಡಿ. ಮರಿ ಕೊಳ್ಳುವ ಮಾತು ಆಮೇಲೆ ಆಗಲಿ.