ಸತ್ಯಕ್ಕೂ ತಯಾರಿ ಬೇಕು

☸️ *ಇಂದಿನ ಧಮ್ಮ ಚಿಂತನೆ* ☸️

 

ನಮ್ಮ ಬಳಗದ ನಾಲ್ವರು ಹುಡುಗರು ಬೈಕಿನಲ್ಲಿ ದೂರದ ಪ್ರಯಾಣಕ್ಕೆ ಸಿದ್ಧರಾಗುತ್ತಿದ್ದಾರೆ. ಬೆಳಗಾವಿಯಿಂದ ಸಾತಾರಾ, ಪುಣೆ, ಅಜಂತಾ, ನಾಗಪುರದ ದೀಕ್ಷಾಭೂಮಿ. ಅಲ್ಲಿಂದ ಸಾಂಚಿ, ಸಾರನಾಥ, ಬುದ್ಧಗಯೆ. ಅವರು ಮಾಡಿದ ಪಟ್ಟಿ ನೋಡಿದರೆ ಮೆಚ್ಚಿಗೆಯಾಗುತ್ತದೆ. ದಿನಕ್ಕೆ 300 ಕಿ.ಮೀ. ಮೀರುವಂತಿಲ್ಲ. ಕತ್ತಲಾದ ಮೇಲೆ ಗಾಡಿ ಓಡಿಸುವಂತಿಲ್ಲ. ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆಯ ಪತ್ರ, ಪಂಕ್ಚರ್ ಕಿಟ್, ಇನ್ನೊಂದು ಕ್ಲಚ್ ಕೇಬಲ್, ಚೈನಿಗೆ ಎಣ್ಣೆ, ರೇನ್‌ಕೋಟು. ಎಲ್ಲ ಬರೆದಾದ ಮೇಲೆ ಅವರಲ್ಲೊಬ್ಬ ಪಟ್ಟಿಯಲ್ಲಿಲ್ಲದ ಪ್ರಶ್ನೆಯೊಂದನ್ನು ಕೇಳಿದ: “ದಾರ್‍ಯಾಗ ಯಾರರ ‘ನೀವು ಯಾವ ಮಂದಿ’ ಅಂತ ಕೇಳಿದ್ರ ಏನ್ ಹೇಳೂದು?”

ಬೈಕ್ ಪ್ರವಾಸ ಹೋಗುವ ಬೇರೆಯವರಿಗೆ ಈ ಪ್ರಶ್ನೆ ಬಹುಶಃ ಹೊಳೆಯುವುದೇ ಇಲ್ಲ. ನಮ್ಮವರಿಗೆ ಇದು ಪೆಟ್ರೋಲಿನಷ್ಟೇ ಮುಖ್ಯ. ನಮ್ಮ ಕಡೆ “ಅಡ್ಡಹೆಸರೇನು?” ಎನ್ನುತ್ತಾರೆ, ಉತ್ತರದ ಕಡೆ “ಪೂರಾ ನಾಮ್ ಕ್ಯಾ ಹೈ?” ಎನ್ನುತ್ತಾರೆ. ಕೇಳುವುದು ಹೆಸರನ್ನು, ತಿಳಿಯಬೇಕಾದದ್ದು ಜಾತಿ. ರೂಮು, ನೀರು, ಊಟ ಎಲ್ಲವೂ ಒಮ್ಮೊಮ್ಮೆ ಆ ಉತ್ತರದ ಮೇಲೆ ನಿಂತಿರುತ್ತವೆ. ಇತ್ತ ನಾವು ದಿನವೂ ಪಂಚಶೀಲ ಹೇಳುವವರು. ನಾಲ್ಕನೆಯ ಶೀಲ ಸುಳ್ಳಿನಿಂದ ದೂರವಿರುವುದು. ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲೂ ಅದಿದೆ. ಹಾಗಾದರೆ ಒಂದು ರಾತ್ರಿಯ ಆಸರೆಗಾಗಿ ಜಾತಿ ಮರೆಮಾಚಿದರೆ ಶೀಲ ಮುರಿಯಿತೇ?

ಈ ಹುಡುಗರು ಹೋಗುವ ಹೆದ್ದಾರಿ ಕರಾಡ ದಾಟುತ್ತದೆ. ಆ ಭಾಗದಲ್ಲೇ ಮಸೂರ್ ಎಂಬ ರೈಲು ನಿಲ್ದಾಣವಿದೆ. 1901ರ ಸುಮಾರಿಗೆ ಒಂಬತ್ತು ವರ್ಷದ ಭೀಮರಾವ್ ಅಣ್ಣನೊಡನೆ, ಅಕ್ಕನ ಮಕ್ಕಳೊಡನೆ ಅಲ್ಲಿ ಇಳಿದ. ಗೋರೇಗಾಂವ್‌ನಲ್ಲಿ ಕೆಲಸದಲ್ಲಿದ್ದ ತಂದೆಯ ಬಳಿಗೆ ಹೊರಟಿದ್ದ ಮಕ್ಕಳು ಅವರು. ಒಳ್ಳೆಯ ಬಟ್ಟೆ ಹಾಕಿದ್ದರು. ಸ್ಟೇಷನ್ ಮಾಸ್ತರರು ಯಾರೆಂದು ಕೇಳಿದಾಗ ಹುಡುಗ ಹಿಂದೆಮುಂದೆ ಯೋಚಿಸದೆ ನಿಜ ಹೇಳಿದ: ಮಹಾರರು. ಅಷ್ಟಕ್ಕೇ ಅವರ ಮುಖ ಬದಲಾಯಿತು. ಇಮ್ಮಡಿ ಬಾಡಿಗೆಗೆ ಒಪ್ಪಿದ ಗಾಡಿಯವನೂ ತಾನು ನಡೆದು ಬರುತ್ತೇನೆ, ಗಾಡಿ ನೀವೇ ಹೊಡೆಯಿರಿ ಎಂದ. ರಾತ್ರಿಯಾಯಿತು. ಬುತ್ತಿ ಇತ್ತು, ನೀರಿರಲಿಲ್ಲ. ಗಾಡಿಯವನ ಸಲಹೆಯಂತೆ ಟೋಲ್ ಕಟ್ಟೆಯವನ ಹತ್ತಿರ ಆ ಹುಡುಗ ತಾವು ಮುಸಲ್ಮಾನರೆಂದು ಹೇಳಿ, ಉರ್ದುವಿನಲ್ಲೇ ಮಾತಾಡಿ ನೀರು ಕೇಳಿದ. ಆದರೂ ನೀರು ಸಿಗಲಿಲ್ಲ. ಮಕ್ಕಳು ಹಸಿದೇ ಮಲಗಿದರು.

ಸ್ಟೇಷನ್ನಿನಲ್ಲಿ ನಿಜ ಹೇಳಿದ್ದಕ್ಕೆ ಅವಮಾನ ಸಿಕ್ಕಿತು. ಟೋಲ್ ಕಟ್ಟೆಯಲ್ಲಿ ಸುಳ್ಳು ಹೇಳಿದರೂ ಬಾಯಾರಿಕೆ ತಣಿಯಲಿಲ್ಲ. ಮುಂದೆ 1917ರಲ್ಲಿ, ಅಮೆರಿಕದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗಲೂ ಬಾಬಾಸಾಹೇಬರು ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿಯಬೇಕಾಯಿತು. ಹನ್ನೊಂದನೆಯ ದಿನ ಕೋಲು ಹಿಡಿದ ಗುಂಪು ಬಂದು ಹೊರಹಾಕಿತು. ಈ ಎಲ್ಲವನ್ನೂ ಅವರೇ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿದ್ದಾರೆ. ತಾವು ಹೇಳಿದ ಸುಳ್ಳನ್ನು ಮುಚ್ಚಿಟ್ಟಿಲ್ಲ, ಅದನ್ನು ಜಾಣತನವೆಂದು ಮೆರೆಸಿಯೂ ಇಲ್ಲ. ಆ ಪುಟಗಳನ್ನು ಓದಿದ ಯಾರೂ ನೀರು ಕೇಳಿದ ಮಗುವನ್ನು ತಪ್ಪಿತಸ್ಥನೆನ್ನಲಾರರು.

ಇದೇ ಪ್ರಶ್ನೆಯನ್ನು ಬುದ್ಧರಿಗೂ ಕೇಳಿದ್ದರು. ಸುತ್ತನಿಪಾತದಲ್ಲಿ ಬರುವ ಪ್ರಸಂಗ: ಸುಂದರಿಕಾ ನದಿಯ ದಡದಲ್ಲಿ ಒಬ್ಬ ಬ್ರಾಹ್ಮಣ ಹೋಮ ಮುಗಿಸಿ, ಉಳಿದ ಹವಿಸ್ಸನ್ನು ಯಾರಿಗೆ ಕೊಡಲಿ ಎಂದು ಹುಡುಕುತ್ತಾನೆ. ತಲೆಗೆ ಮುಸುಕು ಹೊದ್ದು ಕುಳಿತವರೊಬ್ಬರು ಕಾಣುತ್ತಾರೆ. ಹತ್ತಿರ ಬಂದಾಗ ಅವರು ಮುಸುಕು ಸರಿಸುತ್ತಾರೆ. ಬೋಳುತಲೆ! ಹಿಂತಿರುಗಲು ಹೊರಟವನು ಮತ್ತೆ ಯೋಚಿಸಿ, ನಿಮ್ಮ ಜಾತಿ ಯಾವುದೆಂದು ಕೇಳಿಯೇಬಿಡುತ್ತಾನೆ. ಬುದ್ಧರು ಸುಳ್ಳು ಹೇಳಲಿಲ್ಲ, ಅವನು ಬಯಸಿದ ಉತ್ತರವನ್ನೂ ಕೊಡಲಿಲ್ಲ. ಹುಟ್ಟನ್ನು ಕೇಳಬೇಡ, ನಡತೆಯನ್ನು ಕೇಳು ಎಂದರು.

ಪ್ರಶ್ನೆಗಳಿಗೆ ನಾಲ್ಕು ಬಗೆಯಲ್ಲಿ ಉತ್ತರಿಸಬಹುದೆಂದು ಧಮ್ಮ ಹೇಳುತ್ತದೆ. ನೇರವಾಗಿ ಹೇಳುವುದು, ಬಿಡಿಸಿ ಹೇಳುವುದು, ಮರುಪ್ರಶ್ನೆ ಕೇಳುವುದು, ಪ್ರಶ್ನೆಯನ್ನೇ ಬದಿಗಿಡುವುದು. ಬದಿಗಿಡುವುದಕ್ಕೆ ಪಾಲಿಯಲ್ಲಿ ‘ಠಪನೀಯ’ ಎಂಬ ಮಾತಿದೆ. ಎಲ್ಲ ಪ್ರಶ್ನೆಗೂ ಉತ್ತರ ಕೊಡುವ ಸಾಲ ನಮ್ಮ ಮೇಲಿಲ್ಲ. ಲಾಡ್ಜಿನವನಿಗೆ ಆಧಾರ್ ತೋರಿಸಿದರೆ ಸಾಕು, ಮನೆತನದ ಚರಿತ್ರೆ ಬೇಕಾಗಿಲ್ಲ. “ನಾವು ಬೌದ್ಧರು” ಎನ್ನಬಹುದು, ಅದು ನಿಜ. “ಯಾಕೆ ಕೇಳ್ತೀರಿ?” ಎನ್ನಬಹುದು. ನಕ್ಕು ಸುಮ್ಮನಾಗಬಹುದು. ಇದ್ಯಾವುದೂ ಸುಳ್ಳಲ್ಲ. ಬೇರೆ ಜಾತಿಯ ಹೆಸರು ಹೇಳಿದರೆ ಮಾತ್ರ ಅದು ಸುಳ್ಳು. ಪ್ರಾಣಕ್ಕೇ ಕುತ್ತು ಬಂದಾಗ ಯಾರಾದರೂ ಹಾಗೆ ಹೇಳಿದರೆ ನಾವು ಅವರನ್ನು ಹಂಗಿಸಬಾರದು, ಏಕೆಂದರೆ ಆ ಸುಳ್ಳಿನ ಹೆಚ್ಚಿನ ಭಾರ ಕೇಳಿದವನ ಮೇಲಿದೆ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಸಾಲದು. ಮಸೂರಿನ ಆ ರಾತ್ರಿ ಹೇಗೆ ಬಂತು? ಮಕ್ಕಳು ಬರುವ ದಿನ ತಿಳಿಸಿ ಬರೆದ ಕಾಗದವನ್ನು ತಂದೆಗೆ ಕೊಡಲು ಆಳು ಮರೆತಿದ್ದ. ಆದ್ದರಿಂದ ಕರೆದೊಯ್ಯಲು ಯಾರೂ ಬರಲಿಲ್ಲ. ಜಾತಿಯ ಕ್ರೌರ್ಯ ಅಲ್ಲಿ ಮೊದಲೇ ಇತ್ತು. ಕಾಗದ ಕೈಸೇರದ್ದರಿಂದ ಮಕ್ಕಳು ಒಂಟಿಯಾಗಿ ಅದರ ಬಾಯಿಗೆ ಬಿದ್ದರು. ಪ್ರತೀತ್ಯಸಮುತ್ಪಾದ ಹೇಳುವುದೂ ಇದನ್ನೇ: ಯಾವುದೂ ಕಾರಣವಿಲ್ಲದೆ ಹುಟ್ಟುವುದಿಲ್ಲ. ಸತ್ಯವೂ ಹಾಗೆಯೇ. ನಿಜ ಹೇಳಲು ಧೈರ್ಯವೊಂದೇ ಸಾಲದು, ನಿಜ ಹೇಳಿದ ಮೇಲೂ ಮಲಗಲು ಒಂದು ಜಾಗ ಬೇಕು. ಆ ಜಾಗವನ್ನು ಮೊದಲೇ ನೋಡಿಟ್ಟುಕೊಳ್ಳುವುದು ಅಪ್ರಮಾದ. ಎಲ್ಲವೂ ಅನಿತ್ಯ, ಯೋಜನೆ ಯಾಕೆ ಎನ್ನುವವರಿದ್ದಾರೆ. ಎಲ್ಲವೂ ಅನಿತ್ಯ, ಆದ್ದರಿಂದಲೇ ಎಚ್ಚರ ತಪ್ಪಬೇಡಿ ಎಂಬುದು ಬುದ್ಧರ ಕೊನೆಯ ಉಪದೇಶ.

ಹಾಗಾಗಿ ಪಟ್ಟಿಗೆ ಇನ್ನು ಕೆಲವು ಸಾಲು ಸೇರಿದವು.

🔹 ರಾತ್ರಿಯ ತಂಗುದಾಣವನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ದಾರಿಯ ವಿಹಾರಗಳ, ನಮ್ಮ ಬಂಧುಗಳ ಫೋನ್ ನಂಬರು ನಾಲ್ವರಲ್ಲೂ ಇರಬೇಕು.

🔹 ಕುಡಿಯುವ ನೀರು ಯಾವಾಗಲೂ ಗಾಡಿಯಲ್ಲಿರಬೇಕು.

🔹 112 ಮತ್ತು ದೌರ್ಜನ್ಯ ತಡೆ ಸಹಾಯವಾಣಿ 14566 ಫೋನಿನಲ್ಲಿರಬೇಕು. ಅಂಗಡಿ, ಹೋಟೆಲು, ಬಾವಿ, ರಸ್ತೆ ಎಲ್ಲರಿಗೂ ತೆರೆದಿರಬೇಕೆಂದು ಸಂವಿಧಾನದ 15(2)ನೇ ವಿಧಿ ಹೇಳುತ್ತದೆ. ದೇಶದ ಉದ್ದಗಲ ಓಡಾಡುವ ಹಕ್ಕು 19ನೇ ವಿಧಿಯಲ್ಲಿದೆ. ನಾವು ಯಾರ ದಯೆಯಿಂದಲೂ ರಸ್ತೆಗಿಳಿದಿಲ್ಲ.

🔹 ನಾಲ್ವರಲ್ಲಿ ಒಬ್ಬನ ಅಡ್ಡಹೆಸರು ಯಾರಿಗೂ ಸುಳಿವು ಕೊಡುವುದಿಲ್ಲ, ಇನ್ನೊಬ್ಬನದು ಕೂಡಲೇ ಗೊತ್ತಾಗುತ್ತದೆ. ಒಬ್ಬನಿಗೆ ಸಿಗದ ಜಾಗದಲ್ಲಿ ಉಳಿದ ಮೂವರೂ ಮಲಗುವುದಿಲ್ಲ.

ಕೊನೆಯ ಸಾಲನ್ನು ಬರೆದವರು ಹುಡುಗರೇ. ಸಂಘ ಎಂದರೆ ಇದೇ. ಒಬ್ಬನೇ ಇದ್ದಾಗ ಸತ್ಯ ಬಲು ಭಾರ. ನಾಲ್ವರು ಹೊತ್ತರೆ ಅದೇ ಸತ್ಯವನ್ನು ಬುದ್ಧಗಯೆಯವರೆಗೂ ಒಯ್ಯಬಹುದು.

*ಇಂದಿನ ಮನನ:* ನಮ್ಮ ಮನೆಯ ಮಕ್ಕಳು ಅಳುಕಿಲ್ಲದೆ ನಿಜ ಹೇಳುವಂತಾಗಲು ನಾವು ಇಂದು ಏನನ್ನು ಸಿದ್ಧಪಡಿಸಿಟ್ಟಿದ್ದೇವೆ?

ಭವತು ಸಬ್ಬ ಮಂಗಲಂ. ಜೈಭೀಮ್. 🙏